ಬಾಡಿಗೆ ಮನೆಯ ಮಹಡಿಯಲ್ಲಿ ಆರು ಮೀನಿನ ಟ್ಯಾಂಕು: ಯಾವ ರ‍್ಯಾಕ್ ತಡೆದೀತು?

ಗಪ್ಪಿಮನೆ (ಮೈಸೂರು) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನಲ್ಲಿ ಬಾಡಿಗೆ ಮನೆಯೊಂದರ ಮೊದಲ ಮಹಡಿಯಲ್ಲಿದ್ದೇನೆ. ಮೂರು ವರ್ಷಗಳ ಹಿಂದೆ ಮಗಳ ಹಟಕ್ಕೆ ಮಣಿದು ತಂದ ಒಂದು ಜೊತೆ ಗಪ್ಪಿ ಮೀನಿನಿಂದ ಆರಂಭವಾದ ಹವ್ಯಾಸ ಈಗ ಆರು ಟ್ಯಾಂಕುಗಳವರೆಗೆ ಬಂದು ನಿಂತಿದೆ. ತಳಿಗಳು ಬೆರೆಯಬಾರದೆಂದು ಒಂದೊಂದಕ್ಕೂ ಒಂದೊಂದು ಟ್ಯಾಂಕ್ ಬೇಕು, ತಾಯಿಯೇ ತಿಂದುಹಾಕದಂತೆ ಮರಿಗಳಿಗೆ ಬೇರೆಯದೇ ಬೇಕು ಎನ್ನುವ ಈ ಲೆಕ್ಕ ಮುಗಿಯುವಂಥದ್ದಲ್ಲವೆಂದು ಗಪ್ಪಿ ಸಾಕಿದವರಿಗೆಲ್ಲ ಗೊತ್ತು. ಆರೂ ಒಂದೇ ಅಳತೆಯವು: ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರ, 5 ಮಿ.ಮೀ. ಗಾಜು.

ಇಷ್ಟು ದಿನ ಅವು ಮನೆಯಲ್ಲಿ ಜಾಗ ಸಿಕ್ಕಲ್ಲೆಲ್ಲ ಕುಳಿತಿದ್ದವು. ಎರಡು ಟ್ಯಾಂಕುಗಳು ಟಿ.ವಿ. ಸ್ಟ್ಯಾಂಡಿನ ಮೇಲಿದ್ದವು. ಕಳೆದ ತಿಂಗಳು ಆ ಸ್ಟ್ಯಾಂಡಿನ ಕೆಳಗಿನ ಬಾಗಿಲು ಇದ್ದಕ್ಕಿದ್ದಂತೆ ಮುಚ್ಚದಾಯಿತು. ತಿರುಪು ಸಡಿಲವಾಗಿರಬೇಕೆಂದು ಬಗ್ಗಿ ನೋಡಿದರೆ, ಮೇಲಿನ ಹಲಗೆಯೇ ನಡುವೆ ಇಳಿದು ಬಾಗಿಲಿಗೆ ಒತ್ತಿಕೊಂಡಿತ್ತು. ಟ್ಯಾಂಕುಗಳನ್ನು ಖಾಲಿ ಮಾಡಿ ಎತ್ತಿದಾಗ ಅವುಗಳ ಕೆಳಗಿನ ಪಾರ್ಟಿಕಲ್ ಬೋರ್ಡು ಚಹಾದಲ್ಲಿ ಅದ್ದಿದ ಬಿಸ್ಕತ್ತಿನಂತೆ ಉಬ್ಬಿ ನಿಂತಿತ್ತು. ಗಾಜಿಗೆ ಏನೂ ಆಗದೆ ಉಳಿದದ್ದು ನನ್ನ ಪುಣ್ಯ. ಅಂದಿನಿಂದ ರಾತ್ರಿ ಎಲ್ಲಿ ಏನು ಸದ್ದಾದರೂ ಎದ್ದು ಹೋಗಿ ಟ್ಯಾಂಕು ನೋಡಿಬರುವ ಸ್ಥಿತಿ ನನ್ನದು.

ಹಾಗಾಗಿ ಆರೂ ಟ್ಯಾಂಕುಗಳನ್ನು ಒಂದೇ ಗಟ್ಟಿಮುಟ್ಟಾದ ರ‍್ಯಾಕಿಗೆ ಸೇರಿಸಬೇಕೆಂದಿದ್ದೇನೆ. ನನ್ನ ಮನಸ್ಸಿನಲ್ಲಿರುವುದು ನಾಲ್ಕು ಅಡಿ ಉದ್ದದ, ಮೂರು ಅಂತಸ್ತಿನ ರ‍್ಯಾಕ್. ಅಂತಸ್ತಿಗೆ ಎರಡು ಟ್ಯಾಂಕು ಅಕ್ಕಪಕ್ಕ ಕೂರುತ್ತವೆ. ಕೋಣೆ ಹತ್ತು ಅಡಿಗೆ ಹನ್ನೊಂದು ಅಡಿ ಇದೆ, ನೆಲಕ್ಕೆ ವಿಟ್ರಿಫೈಡ್ ಟೈಲ್ಸ್ ಹಾಕಿದ್ದಾರೆ. ಕಣ್ಣ ಮುಂದಿರುವ ದಾರಿಗಳು ನಾಲ್ಕು. ಪರಿಚಯದವರ ಅಂಗಡಿಯೊಂದು ಮುಚ್ಚುತ್ತಿದ್ದು, ಅಲ್ಲಿನ, ತೂತುಗಳಿರುವ ಪಟ್ಟಿಗಳನ್ನು ಬೋಲ್ಟಿನಿಂದ ಜೋಡಿಸಿದ ಸ್ಲಾಟೆಡ್ ಆ್ಯಂಗಲ್ ರ‍್ಯಾಕ್ ಬಹಳ ಅಗ್ಗಕ್ಕೆ ಸಿಗುತ್ತಿದೆ. ಅದರ ಕಾಲುಗಳು 16 ಗೇಜ್, ತಟ್ಟೆಗಳು 22 ಗೇಜ್ ಎಂದು ಅವರು ಹೇಳಿದರು. ಆನ್‌ಲೈನಿನಲ್ಲಿ ‘400 ಕಿಲೋ ಹೊರುತ್ತದೆ’ ಎಂದು ಬರೆದಿರುವ ಐದು ತಟ್ಟೆಯ ರ‍್ಯಾಕುಗಳಿವೆ. ನಮ್ಮ ಮಾವನವರು ಸಾಲಿಡ್ ಬ್ಲಾಕ್ ಜೋಡಿಸಿ ಮೇಲೆ ಕಡಪ ಕಲ್ಲು ಹಾಸಿಬಿಡು, ಮನೆ ಬಿಡುವಾಗ ಬಿಚ್ಚಿಕೊಂಡು ಹೋಗಬಹುದು ಎನ್ನುತ್ತಾರೆ. ಕೊನೆಯದು ವೆಲ್ಡಿಂಗ್ ಅಂಗಡಿಯಲ್ಲಿ ಹೇಳಿ ಮಾಡಿಸುವುದು. ಇವುಗಳಲ್ಲಿ ಯಾವುದನ್ನು ನಂಬಬಹುದು, ಮಹಡಿಯ ನೆಲ ಈ ಭಾರವನ್ನು ತಡೆಯುತ್ತದೆಯೇ, ಎರಡು ಮೂರು ವರ್ಷದಲ್ಲಿ ಮನೆ ಬದಲಿಸಿದರೆ ಸಾಗಿಸಲು ಬರುತ್ತದೆಯೇ ಎಂಬುದನ್ನು ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.


ಕುಲುಮೆ (ತುಮಕೂರು) ಉತ್ತರಿಸಿದ್ದು:

ಸರ್, ನಾನು ಇಪ್ಪತ್ತು ವರ್ಷಗಳಿಂದ ಗೇಟು, ಗ್ರಿಲ್ಲು, ಶೆಡ್ಡುಗಳ ಕೆಲಸ ಮಾಡುತ್ತಿರುವವನು; ಮೀನು ಆಮೇಲೆ ಹತ್ತಿಕೊಂಡ ಹುಚ್ಚು. ಮೊದಲು ತೂಕದ ಲೆಕ್ಕ ಮುಗಿಸೋಣ. ಒಂದು ಘನ ಅಡಿ ನೀರೆಂದರೆ 28.3 ಲೀಟರ್, ಅಂದರೆ ಅಷ್ಟೇ ಕಿಲೋ. ನಿಮ್ಮ ಟ್ಯಾಂಕು ಎರಡು ಘನ ಅಡಿಯದು. ಅಂಚಿನವರೆಗೆ ಯಾರೂ ತುಂಬಿಸುವುದಿಲ್ಲವಾದರೂ 56 ಕಿಲೋ ಎಂದೇ ಹಿಡಿಯೋಣ. 5 ಮಿ.ಮೀ. ಗಾಜು ಚದರ ಮೀಟರಿಗೆ 12.5 ಕಿಲೋ ತೂಗುತ್ತದೆ. ತಳ ಮತ್ತು ನಾಲ್ಕು ಬದಿ ಸೇರಿದರೆ ಎಂಟು ಚದರ ಅಡಿ, ಹಾಗಾಗಿ ಗಾಜಿನದು ಒಂಬತ್ತು ಕಿಲೋ ಚಿಲ್ಲರೆ. ಮರಳು, ಮುಚ್ಚಳ, ಲೈಟು ಎಲ್ಲ ಸೇರಿಸಿ ಒಂದಕ್ಕೆ 75 ಕಿಲೋ ಎಂದಿಟ್ಟುಕೊಂಡರೆ ಮೋಸವಿಲ್ಲ. ಆರಕ್ಕೆ 450 ಕಿಲೋ, ರ‍್ಯಾಕಿನ ತೂಕ ಸೇರಿ ಹತ್ತಿರ ಹತ್ತಿರ ಅರ್ಧ ಟನ್.

ಕಬ್ಬಿಣಕ್ಕೆ ಇದು ದೊಡ್ಡ ಭಾರವೇ ಅಲ್ಲ. ನೀವು ಹೇಳಿದ ಅಂಗಡಿ ರ‍್ಯಾಕ್ ಕೂಡ ಮುರಿದು ಬೀಳಲಿಕ್ಕಿಲ್ಲ. ಆದರೆ ಇಲ್ಲಿ ನೋಡಬೇಕಾದದ್ದು ಮುರಿಯುವುದನ್ನಲ್ಲ, ಬಾಗುವುದನ್ನು. ಅಕ್ಕಿ ಮೂಟೆ ಬಗ್ಗಿದ ತಟ್ಟೆಯ ಮೇಲೆ ತಾನೂ ಬಗ್ಗಿ ಕೂರುತ್ತದೆ. ಗಾಜು ಹಾಗೆ ಕೂರುವುದಿಲ್ಲ. ತಟ್ಟೆ ನಡುವೆ ಇಳಿದರೆ ಟ್ಯಾಂಕು ಎರಡು ತುದಿಗಳ ಮೇಲೆ ಮಾತ್ರ ನಿಂತು, ಅದರ ಭಾರವೆಲ್ಲ ಆ ತುದಿಗಳ ಗಾಜು ಮತ್ತು ಸಿಲಿಕೋನ್ ಅಂಟಿನ ಮೇಲೆ ಬೀಳುತ್ತದೆ. ಅಂಗಡಿಯವರು ಹೇಳುವ ‘ಇಷ್ಟು ಕಿಲೋ’ ಎಂಬ ಮಾತು ಡಬ್ಬ, ಪುಸ್ತಕ, ಬಟ್ಟೆಗಳಂಥ ಒಣ ಸಾಮಾನನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದ್ದು. ಆ ಭಾರದಲ್ಲಿ ತಟ್ಟೆ ಎಷ್ಟು ಬಾಗುತ್ತದೆಂದು ಅವರು ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಆ 400 ಕಿಲೋ ಒಂದು ತಟ್ಟೆಗೋ ಐದು ತಟ್ಟೆಗೂ ಸೇರಿಯೋ ಎಂಬುದನ್ನೂ ಓದಿ ನೋಡಿ. ಐದಕ್ಕೂ ಸೇರಿ ಎಂದಿದ್ದರೆ ಒಂದಕ್ಕೆ 80 ಕಿಲೋ ಆಯಿತು, ನಿಮ್ಮ ಒಂದು ಟ್ಯಾಂಕಿಗೇ ಅದು ಮುಗಿಯಿತು. ಇನ್ನು ಗೇಜ್ ಸಂಖ್ಯೆ ಹೆಚ್ಚಿದಷ್ಟೂ ತಗಡು ತೆಳು: 16 ಗೇಜ್ ಎಂದರೆ ಸುಮಾರು 1.6 ಮಿ.ಮೀ., 22 ಗೇಜ್ ಒಂದು ಮಿ.ಮೀ.ಗಿಂತಲೂ ತೆಳು. ನಾಲ್ಕು ಅಡಿ ಉದ್ದಕ್ಕೆ 22 ಗೇಜಿನ ತಟ್ಟೆಯ ಮೇಲೆ 150 ಕಿಲೋ ನೀರು ಹೊರಿಸುವ ಧೈರ್ಯ ನನಗಂತೂ ಇಲ್ಲ.

ಬಾಗುವಿಕೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಏಟು ಕೊಡುವುದು ಉದ್ದ. ಅಡಿಗೆ ಇಂತಿಷ್ಟು ಎಂಬ ಭಾರ ಹಾಗೆಯೇ ಇದ್ದು ಅಡ್ಡಪೈಪಿನ ಉದ್ದ ಇಮ್ಮಡಿಯಾದರೆ ಬಾಗು ಹದಿನಾರು ಪಟ್ಟಾಗುತ್ತದೆ. ನಿಮ್ಮ ನಾಲ್ಕು ಅಡಿಯ ಯೋಜನೆಯಲ್ಲಿ ಮುಂದಿನ ಮತ್ತು ಹಿಂದಿನ ಅಡ್ಡಪೈಪುಗಳಿಗೆ ತಲಾ 75 ಕಿಲೋ ಬರುತ್ತದೆ. ತುದಿಗಳು ಸುಮ್ಮನೆ ಕೂತಿವೆ ಎಂದು ಲೆಕ್ಕ ಹಾಕಿದರೆ (ವೆಲ್ಡ್ ಮಾಡಿದಾಗ ಇದಕ್ಕಿಂತ ಕಡಿಮೆಯೇ ಬಾಗುತ್ತದೆ) 25 ಮಿ.ಮೀ. ಚೌಕದ, 2 ಮಿ.ಮೀ. ದಪ್ಪದ ಪೈಪು ನಡುವೆ 5 ಮಿ.ಮೀ. ಇಳಿಯುತ್ತದೆ, ಇದು ಆಗದು. L ಆಕಾರದ 40×40×5ರ ಆ್ಯಂಗಲ್ ಒಂದೂವರೆ ಮಿ.ಮೀ. ಇಳಿಯುತ್ತದೆ. ಒಂದೂವರೆ ಇಂಚಿನ, ಅಂದರೆ 38 ಮಿ.ಮೀ. ಚೌಕದ 2 ಮಿ.ಮೀ. ಪೈಪು 1.3 ಮಿ.ಮೀ. ಮಾತ್ರ. ಗಮನಿಸಿ, ಆ ಆ್ಯಂಗಲ್ ಮೀಟರಿಗೆ ಮೂರು ಕಿಲೋ ತೂಗಿದರೆ ಈ ಪೈಪು ಎರಡೂಕಾಲು ಕಿಲೋ ತೂಗುತ್ತದೆ. ಕಬ್ಬಿಣವನ್ನು ಕಿಲೋ ಲೆಕ್ಕದಲ್ಲೇ ಕೊಳ್ಳುವುದರಿಂದ, ಹೆಚ್ಚು ದುಡ್ಡು ಕೊಟ್ಟು ಕಡಿಮೆ ಬಿಗಿಯನ್ನು ಕೊಂಡಂತಾಗುತ್ತದೆ. ‘ಆ್ಯಂಗಲ್ಲೇ ಗಟ್ಟಿ ಸ್ವಾಮಿ’ ಎಂದು ನಮ್ಮವರೇ ವಾದಿಸುತ್ತಾರೆ. ಆ್ಯಂಗಲ್ ತಿರುಚಿಕೊಳ್ಳುತ್ತದೆ, ಮುಚ್ಚಿದ ಪೈಪು ಅಷ್ಟು ಸುಲಭಕ್ಕೆ ತಿರುಚಿಕೊಳ್ಳುವುದಿಲ್ಲ. ಸಿಗುವುದಾದರೆ 50×25ರ ಪೈಪನ್ನು ನಿಲ್ಲಿಸಿ ಬಳಸಿ, ಅಂದರೆ 50ರ ಬದಿ ಮೇಲೆ ಕೆಳಗಾಗಿ ಇರಬೇಕು; ಅದೇ ತೂಕಕ್ಕೆ ಬಾಗು ಒಂದು ಮಿ.ಮೀ.ಗಿಂತ ಕೆಳಗಿಳಿಯುತ್ತದೆ. ಅದೇ ಪೈಪನ್ನು ಹುಡುಗರು ಮಲಗಿಸಿ ವೆಲ್ಡ್ ಮಾಡಿಬಿಟ್ಟರೆ ಮೂರು ಪಟ್ಟು ಬಾಗುತ್ತದೆ, ಆದ್ದರಿಂದ ಅಂಗಡಿಯಲ್ಲಿ ನಿಂತು ನೋಡಿಕೊಳ್ಳಿ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ನಿಜವಾದ ಸಲಹೆ ಬೇರೆಯೇ ಇದೆ: ನಾಲ್ಕು ಅಡಿಯ ಮೂರು ಅಂತಸ್ತನ್ನೇ ಬಿಟ್ಟುಬಿಡಿ. ಟ್ಯಾಂಕುಗಳ ಒಂದು ಅಡಿಯ ಬದಿ ಮುಂದೆ ಬರುವಂತೆ, ಕಪಾಟಿನಲ್ಲಿ ಪುಸ್ತಕ ನಿಲ್ಲಿಸಿದ ಹಾಗೆ, ಮೂರನ್ನು ಒತ್ತಾಗಿ ಇಡಿ. ಆಗ ರ‍್ಯಾಕ್ ಮೂರು ಅಡಿ ಉದ್ದ, ಎರಡು ಅಡಿ ಆಳ, ಎರಡೇ ಅಂತಸ್ತು. ಅಂತಸ್ತಿಗೆ ಮೂರು ಟ್ಯಾಂಕಿನಂತೆ 225 ಕಿಲೋ ಬಂದರೂ ಉದ್ದ ತಗ್ಗಿದ್ದರಿಂದ ಅದೇ 38ರ ಪೈಪು 0.8 ಮಿ.ಮೀ.ನಷ್ಟೇ ಬಾಗುತ್ತದೆ. ಭಾರ ಹೆಚ್ಚು, ಬಾಗು ಕಡಿಮೆ. ಒಂದು ಅಡಿ ಅಗಲದ ಕಾಲಿನ ಮೇಲೆ ಐದೂವರೆ ಅಡಿ ಎತ್ತರಕ್ಕೆ ನೀರು ನಿಲ್ಲಿಸಿದರೆ ಮಕ್ಕಳು ಹಿಡಿದು ಜಗ್ಗಿದಾಗ ಮುಂದಕ್ಕೆ ವಾಲುವ ಭಯವಿರುತ್ತದೆ. ಎರಡು ಅಡಿ ಆಳವಿದ್ದರೆ ಆ ಭಯ ಬಹುಮಟ್ಟಿಗೆ ಹೋಗುತ್ತದೆ. ನಷ್ಟವೆಂದರೆ ಎದುರಿನಿಂದ ಒಂದು ಅಡಿಯ ಗಾಜು ಮಾತ್ರ ಕಾಣುತ್ತದೆ. ಗಪ್ಪಿ ತಳಿ ಮಾಡುವವರಿಗೆ ಅಷ್ಟು ಸಾಕು, ಬಂದವರಿಗೆ ತೋರಿಸುವ ಟ್ಯಾಂಕಾದರೆ ಸಾಲದು. ಪ್ರತಿ ಎರಡು ಟ್ಯಾಂಕುಗಳ ನಡುವಿನ ಗೆರೆಯ ಕೆಳಗೂ ಮುಂದಿನಿಂದ ಹಿಂದಕ್ಕೆ ಒಂದು ಪೈಪು ಕೊಡಿಸಿ. ಎರಡು ತುದಿಯವು ಸೇರಿ ನಾಲ್ಕಾಗುತ್ತವೆ. ಎರಡು ಅಡಿಯ ಅಂಚುಗಳು ಹಲಗೆಯನ್ನು ನಂಬದೆ ಕಬ್ಬಿಣದ ಮೇಲೆಯೇ ಕೂರಬೇಕು. ನಾಲ್ಕು ಮೂಲೆಗಂಬಗಳು ಕೆಳಗಿನಿಂದ ಮೇಲಿನವರೆಗೆ ತುಂಡಾಗದೆ ಬರಬೇಕು, ಅಡ್ಡಪೈಪಿನ ಸುತ್ತ ಪೂರ್ತಿ ವೆಲ್ಡ್ ಓಡಬೇಕು, ಅಲ್ಲಲ್ಲಿ ಚುಕ್ಕೆಯಂತೆ ವೆಲ್ಡ್ (ಟ್ಯಾಕ್) ಹಾಕಿ ಪುಟ್ಟಿ ಮೆತ್ತಿ ಬಣ್ಣ ಬಳಿದದ್ದನ್ನು ಒಪ್ಪಬೇಡಿ.

ಮಾವನವರ ಕಡಪ ಕಲ್ಲಿನ ಬಗ್ಗೆ ಒಂದೇ ಮಾತು. ಕಲ್ಲು ಒತ್ತಡಕ್ಕೆ ಗಟ್ಟಿ, ಬಾಗಿಸಿದರೆ ಗಟ್ಟಿಯಲ್ಲ; ಒಳಗೆ ಸಣ್ಣ ಗೆರೆಯಿದ್ದರೂ ಮುನ್ಸೂಚನೆ ಕೊಡದೆ ಎರಡು ತುಂಡಾಗುತ್ತದೆ. ಅಡುಗೆಮನೆಯ ಕಟ್ಟೆಯ ಕೆಳಗೆ ನಡುನಡುವೆ ಆಸರೆಗೋಡೆ ಕಟ್ಟುವುದು ಸುಮ್ಮನೆ ಅಲ್ಲ. ಕಬ್ಬಿಣ ಹಾಗಲ್ಲ, ಬಾಗಿ ತೋರಿಸಿ ಎಚ್ಚರಿಸುತ್ತದೆ.


ಕಡಲತಡಿ (ಉಡುಪಿ) ಉತ್ತರಿಸಿದ್ದು:

ಕುಲುಮೆಯವರು ಹೇಳಿದ್ದಕ್ಕೆ ನನ್ನ ಸಹಮತವಿದೆ. ನಾನು ಬರೆಯುವುದು ರ‍್ಯಾಕ್ ಮನೆಗೆ ಬಂದ ಮೇಲಿನ ಸಂಗತಿ, ಏಕೆಂದರೆ ನಾನು ಸೋತದ್ದು ಅಲ್ಲಿ.

ನನ್ನದು ಒಳ್ಳೆಯ ದಪ್ಪದ ಪೈಪಿನಲ್ಲಿ ಮಾಡಿಸಿದ ರ‍್ಯಾಕ್. ಆನೆ ನಿಂತರೂ ಅಲ್ಲಾಡದು ಎಂದು ಮಾಡಿಕೊಟ್ಟವರು ಹೇಳಿದ್ದರು. ಇಟ್ಟದ್ದು ಮುಚ್ಚಿದ ಜಗಲಿಯಲ್ಲಿ. ಜಗಲಿಯ ನೆಲಕ್ಕೆ ನೀರು ಹರಿದುಹೋಗಲೆಂದು ಸ್ವಲ್ಪ ಇಳಿಜಾರು ಕೊಟ್ಟಿರುತ್ತಾರಲ್ಲ, ಅದರಿಂದ ಒಂದು ಕಾಲು ನೆಲದಿಂದ ಹೆಚ್ಚೆಂದರೆ ಮೂರು ಮಿ.ಮೀ. ಮೇಲೆ ನಿಂತಿತ್ತು. ನಾನು ರಟ್ಟನ್ನು ಮಡಚಿ ಅದರಡಿ ತುರುಕಿ, ಅಲ್ಲಾಟ ನಿಂತಿತೆಂದು ಸಮಾಧಾನಪಟ್ಟುಕೊಂಡೆ. ಆಟಿಯ ಮಳೆಗೆ ರಟ್ಟು ತೇವ ಕುಡಿದು ಮೆತ್ತಗಾಯಿತು. ಭಾರ ಬಿದ್ದಾಗ ಆ ಕಾಲು ಕೆಳಗಿಳಿಯಿತು, ಉಳಿದ ಮೂರು ಕಾಲುಗಳು ಇದ್ದಲ್ಲೇ ಇದ್ದವು, ಚೌಕಟ್ಟು ತಿರುಚಿಕೊಂಡಿತು. ರಾತ್ರಿ ಎರಡು ಗಂಟೆಯ ಹೊತ್ತಿಗೆ ಮೂರು ಅಡಿಯ ಟ್ಯಾಂಕಿನ ಹಿಂಬದಿಯ ಮೂಲೆಯ ಅಂಟು ಬಿಟ್ಟು, ನೂರು ಲೀಟರ್ ನೀರು ಜಗಲಿಯಿಂದ ನಡುಮನೆಗೆ ಹರಿಯಿತು. ಗಾಜು ಒಡೆದಿರಲಿಲ್ಲ, ಪೈಪು ಬಾಗಿರಲಿಲ್ಲ. ತೊಳೆದು ಒರೆಸಿ ಬೆಳಗಾದ ಮೇಲೆ ನೋಡಿದರೆ ಆ ರಟ್ಟು ದೋಸೆಯಷ್ಟು ತೆಳ್ಳಗಾಗಿತ್ತು.

ಆದ್ದರಿಂದ ಅಂಗಡಿಯಲ್ಲೇ ನಾಲ್ಕು ಕಾಲುಗಳ ತಳಕ್ಕೂ ನಟ್ಟು ವೆಲ್ಡ್ ಮಾಡಿಸಿ, ದಪ್ಪ ಬೋಲ್ಟ್ ಹಾಕಿಸಿಕೊಳ್ಳಿ. ಸ್ಪ್ಯಾನರಿನಲ್ಲಿ ತಿರುಗಿಸಿದರೆ ಕಾಲು ಏರಬೇಕು, ಇಳಿಯಬೇಕು. ರ‍್ಯಾಕ್ ನಿಲ್ಲಿಸಿದ ಮೇಲೆ ಗಾರೆಯವರ ರಸಮಟ್ಟವನ್ನು ಉದ್ದಕ್ಕೂ ಅಡ್ಡಕ್ಕೂ ಇಟ್ಟು ನೋಡುವುದು ಎಲ್ಲರಿಗೂ ಗೊತ್ತಿರುವ ಪರೀಕ್ಷೆ. ನನಗೆ ಬಡಗಿಯೊಬ್ಬರು ಕಲಿಸಿದ್ದು ಇನ್ನೊಂದು. ಖಾಲಿ ಚೌಕಟ್ಟಿನ ಎದುರುಬದುರು ಮೂಲೆಗಳಿಗೆ ಎರಡು ದಾರಗಳನ್ನು ಬಿಗಿಯಾಗಿ, ಗುಣಾಕಾರ ಚಿಹ್ನೆಯಂತೆ ಕಟ್ಟಿ. ಚೌಕಟ್ಟು ತಿರುಚಿಲ್ಲದಿದ್ದರೆ ದಾರಗಳು ನಡುವೆ ಒಂದನ್ನೊಂದು ಮುಟ್ಟುತ್ತವೆ. ಮೇಲಿನ ದಾರ ಕೆಳಗಿನದನ್ನು ಒತ್ತಿ ಬಗ್ಗಿಸಿದರೆ ಅಥವಾ ಎರಡರ ನಡುವೆ ಬೆಳಕು ಕಂಡರೆ, ಮೂಲೆಯೊಂದು ಎದ್ದಿದೆ ಅಥವಾ ಬಿದ್ದಿದೆ ಎಂದರ್ಥ. ದಾರಗಳನ್ನು ಮೇಲೆ ಕೆಳಗೆ ಅದಲುಬದಲು ಮಾಡಿ ಮತ್ತೊಮ್ಮೆ ನೋಡಬೇಕು, ಇಲ್ಲದಿದ್ದರೆ ಒಂದು ಬಗೆಯ ತಿರುಚು ಕಣ್ಣಿಗೆ ಬೀಳುವುದಿಲ್ಲ. ಇದನ್ನು ಅಂಗಡಿಯಲ್ಲೇ ಮಾಡಿ, ಬಣ್ಣ ಬಳಿಯುವ ಮುನ್ನ.

ಕಬ್ಬಿಣದ ಮೇಲೆ ನೇರವಾಗಿ ಟ್ಯಾಂಕ್ ಇಡಬೇಡಿ. 18 ಮಿ.ಮೀ. ಪ್ಲೈವುಡ್, ಅದೂ ನೀರು ತಡೆಯುವ ದರ್ಜೆಯದು (ಐ.ಎಸ್. 710 ಮುದ್ರೆಯ ಮರೈನ್ ಪ್ಲೈ ಆದರೆ ಚಿಂತೆಯೇ ಇಲ್ಲ), ಅದರ ಮೇಲೆ ಅರ್ಧ ಇಂಚಿನ ಥರ್ಮಾಕೋಲ್, ಅದರ ಮೇಲೆ ಟ್ಯಾಂಕು. ಪ್ಲೈ ಕೊಳೆಯುವುದು ಮುಖದಿಂದಲ್ಲ, ಕೊಯ್ದ ಅಂಚಿನಿಂದ. ಅಂಚುಗಳಿಗೆ ಎರಡು ಮೂರು ಸಲ ಬಣ್ಣ ಕುಡಿಸಿ. ಥರ್ಮಾಕೋಲ್ ಮರಳಿನ ಕಾಳಿನಷ್ಟು ಏರುಪೇರನ್ನು ನುಂಗುತ್ತದೆಯೇ ಹೊರತು ಬಾಗಿದ ರ‍್ಯಾಕನ್ನು ನೆಟ್ಟಗೆ ಮಾಡುವುದಿಲ್ಲ.

ತುಕ್ಕಿನ ವಿಷಯಕ್ಕೆ ಬಂದರೆ ಮೈಸೂರಿನವರು ಅದೃಷ್ಟವಂತರು, ನಿಮ್ಮಲ್ಲಿ ಉಪ್ಪುಗಾಳಿಯಿಲ್ಲ. ಇಲ್ಲಿ ನನ್ನ ಪೌಡರ್ ಕೋಟಿಂಗ್ ಎರಡು ಮಳೆಗಾಲಕ್ಕೆ ವೆಲ್ಡಿನ ಸುತ್ತ ಗುಳ್ಳೆ ಎದ್ದಿತು, ಏಕೆಂದರೆ ತೆರೆದ ತುದಿಯಿಂದ ಪೈಪಿನ ಒಳಕ್ಕೆ ತೇವ ಹೋಗುತ್ತಿತ್ತು. ಪೈಪಿನ ಎಲ್ಲ ತುದಿಗಳನ್ನೂ ತಗಡು ಹಾಕಿ ಮುಚ್ಚಿಸಿ. ರೆಡ್ ಆಕ್ಸೈಡ್ ಒಂದು ಸಲ, ಮೇಲೆ ಎನಾಮಲ್ ಎರಡು ಸಲ ಸಾಕು. ಕೆರೆದು ಮತ್ತೆ ಬಳಿಯಲು ಅದೇ ಸುಲಭ. ಜಿ.ಐ. (ಸತುವಿನ ಲೇಪವಿರುವ) ಪೈಪು ತಂದು ವೆಲ್ಡ್ ಮಾಡಿಸಿದರೆ ವೆಲ್ಡ್ ಆದ ಕಡೆ ಸತುವು ಸುಟ್ಟುಹೋಗಿರುತ್ತದೆ, ಅಲ್ಲಿಗೆ ಬೇರೆ ಬಣ್ಣ ಬೇಕೇ ಬೇಕು. ಆ ಹೊಗೆ ವೆಲ್ಡರಿಗೂ ಒಳ್ಳೆಯದಲ್ಲ.

ಎರಡು ಅಂತಸ್ತಿನ ನಡುವೆ ಕೈ, ಬಲೆ, ನೀರು ಹೊರತೆಗೆಯುವ ಸೈಫನ್ ಪೈಪು ಆಡಲು ಟ್ಯಾಂಕಿನ ಬಾಯಿಯಿಂದ ಕನಿಷ್ಠ ಒಂದು ಅಡಿ ಬಿಡಿ. ಪ್ಲಗ್ ಬೋರ್ಡನ್ನು ಟ್ಯಾಂಕಿನ ಕೆಳಗೆ ಇಡದೆ ಪಕ್ಕದ ಗೋಡೆಗೆ ಹಾಕಿಸಿ. ವೈರು ಸಾಕೆಟ್ಟಿಗಿಂತ ಕೆಳಗೆ ಇಳಿದು ಮತ್ತೆ ಮೇಲೇರುವಂತೆ ಬಿಟ್ಟರೆ ಅದರ ಗುಂಟ ಬಂದ ಹನಿ ಅಲ್ಲೇ ತೊಟ್ಟಿಕ್ಕುತ್ತದೆ. ಆ ಲೈನಿಗೆ 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. (ಕರೆಂಟು ಸೋರಿದರೆ ತಾನೇ ಲೈನು ಕಡಿಯುವ ಸ್ವಿಚ್ಚು) ಇರಲಿ, ನೀರಿನಲ್ಲಿ ಕೈ ಅದ್ದುವವರು ಇದರಲ್ಲಿ ಜಿಪುಣತನ ಮಾಡಬಾರದು. ಆರು ಟ್ಯಾಂಕಿಗೂ ಒಂದೇ ಏರ್ ಪಂಪಾದರೆ ಅದನ್ನು ಮೇಲಿನ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಎತ್ತರದಲ್ಲಿಡಿ, ಇಲ್ಲವೇ ನಳಿಕೆಗಳಿಗೆ ನೀರನ್ನು ಹಿಂದಕ್ಕೆ ಬಿಡದ ಚೆಕ್ ವಾಲ್ವ್ ಹಾಕಿ. ಕರೆಂಟು ಹೋದಾಗ ನೀರು ನಳಿಕೆಯಲ್ಲಿ ಹಿಂದಕ್ಕೆ ಇಳಿದು ಬರುತ್ತದೆ.


ತೊಲೆಕಂಬ (ಬೆಂಗಳೂರು) ಉತ್ತರಿಸಿದ್ದು:

ನಾನು ಸಿವಿಲ್ ಎಂಜಿನಿಯರ್. ನೆಲದ ಪ್ರಶ್ನೆಗಷ್ಟೇ ಉತ್ತರಿಸುತ್ತೇನೆ. ಕಟ್ಟಡವನ್ನು ನೋಡದೆ ಇದಕ್ಕೆ ಯಾರೂ ಸರ್ಟಿಫಿಕೇಟು ಕೊಡಲಾರರು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಕಟ್ಟಡಗಳ ಭಾರ ಕುರಿತ ಭಾರತೀಯ ಮಾನಕ ಐ.ಎಸ್. 875ರ ಎರಡನೇ ಭಾಗದಂತೆ ವಾಸದ ಮನೆಯ ಕೋಣೆಗಳನ್ನು ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಸುಮಾರು 200 ಕಿಲೋ ಭಾರಕ್ಕೆ ವಿನ್ಯಾಸ ಮಾಡುತ್ತಾರೆ. ನಿಮ್ಮ ಕೋಣೆ ಹತ್ತು ಚದರ ಮೀಟರಿಗೆ ತುಸು ಹೆಚ್ಚಿದೆ. ಇಡೀ ನೆಲಕ್ಕೆ ಲೆಕ್ಕ ಹಾಕಿದರೆ ಎರಡು ಟನ್ ಆಯಿತು. ಅದರ ಮುಂದೆ ಅರ್ಧ ಟನ್ ಚಿಕ್ಕದಾಗಿ ಕಾಣುತ್ತದೆ. ಆದರೆ ಆ ಎರಡು ಟನ್ ನೆಲದ ತುಂಬ ಹರಡಿದ್ದು, ನಿಮ್ಮ ಅರ್ಧ ಟನ್ ಒಂದೇ ಕಡೆ ಇರುವಂಥದ್ದು. 4×1 ಅಡಿಯ ರ‍್ಯಾಕ್ ತಾನು ನಿಂತ ಜಾಗದಲ್ಲಿ ಚದರ ಮೀಟರಿಗೆ 1,300 ಕಿಲೋಗಿಂತ ಹೆಚ್ಚು ಹೊರಿಸುತ್ತದೆ, 3×2 ಅಡಿಯದು ಸುಮಾರು 900 ಕಿಲೋ. ಹಾಗಾಗಿ ಎರಡನೆಯದು ನೆಲಕ್ಕೂ ಮೇಲು, ಆದರೂ ಎಲ್ಲಿ ಇಡುತ್ತೀರಿ ಎಂಬುದೇ ಮುಖ್ಯ. ಕೋಣೆಯ ನಟ್ಟನಡುವೆ ಇಟ್ಟ ಭಾರ ಸ್ಲ್ಯಾಬನ್ನು ಅತಿ ಹೆಚ್ಚು ಬಾಗಿಸುತ್ತದೆ. ಗೋಡೆಗೆ ಅಂಟಿಸಿ, ಕೆಳಗೆ ತೊಲೆಯಿರುವ ಕಡೆ ಇಟ್ಟದ್ದು ಬಹುಪಾಲು ನೇರವಾಗಿ ತೊಲೆಗೆ ಇಳಿಯುತ್ತದೆ. ಕೆಳಗಿನ ಮನೆಯವರನ್ನು ಕೇಳಿ ಅವರ ಸೂರನ್ನು ಒಮ್ಮೆ ನೋಡಿಕೊಂಡು ಬನ್ನಿ, ತೊಲೆ ಎಲ್ಲಿ ಹೋಗಿದೆ ಎಂಬುದು ತಿಳಿಯುತ್ತದೆ. ಹೋದಾಗ ಅಲ್ಲಿ ಬಿರುಕು, ತೇವದ ಕಲೆ ಅಥವಾ ಕಂಬಿ ಹೊರಬಂದ ಗುರುತು ಕಂಡರೆ ಈ ಯೋಜನೆಯನ್ನು ಅಲ್ಲಿಗೇ ನಿಲ್ಲಿಸಿ.

ಮಾಲೀಕರು ಹಳೆಯ ಕಾಲದವರಾಗಿದ್ದು, ಕಟ್ಟಡ ಮರದ ತೊಲೆಗಳ ಮೇಲೆ ಇಟ್ಟಿಗೆ ಜೋಡಿಸಿದ ಮದ್ರಾಸ್ ತಾರಸಿಯದಾಗಿದ್ದರೆ ನನ್ನ ಮೇಲಿನ ಲೆಕ್ಕ ಅನ್ವಯಿಸುವುದಿಲ್ಲ. ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಅಂಥವು ಇನ್ನೂ ಇವೆ. ಹೊರಚಾಚಿದ ಬಾಲ್ಕನಿಯಲ್ಲಂತೂ ಇಡಬೇಡಿ.

ಟೈಲ್ಸಿನ ವಿಚಾರ ಚಿಕ್ಕದು. ಒಂದೊಂದು ಕಾಲಿಗೂ 125 ಕಿಲೋ ಬರುತ್ತದೆ. ಬೋಲ್ಟಿನ ತಲೆ ನೇರವಾಗಿ ಟೈಲ್ಸಿನ ಮೇಲೆ ಕೂತರೆ, ಅಡಿಯಲ್ಲಿ ಗಾರೆ ಸರಿಯಾಗಿ ತುಂಬದ ಕಡೆ ಟೈಲ್ಸು ಬಿರಿಯುತ್ತದೆ. ನಾಣ್ಯದಿಂದ ತಟ್ಟಿ ನೋಡಿ, ಪೊಳ್ಳು ಸದ್ದು ಬಂದ ಕಡೆ ಕಾಲು ಊರಬೇಡಿ. ಪ್ರತಿ ಕಾಲಿನಡಿ ನಾಲ್ಕು ಇಂಚು ಚೌಕದ, 6 ಮಿ.ಮೀ. ದಪ್ಪದ ಪ್ಲೇಟು, ಅದರ ಕೆಳಗೆ ಗಟ್ಟಿ ರಬ್ಬರು ಇರಲಿ.


ಫೈಟರ್‌ಪ್ರಿಯ (ಧಾರವಾಡ) ಉತ್ತರಿಸಿದ್ದು:

ಸ್ಲಾಟೆಡ್ ಆ್ಯಂಗಲನ್ನು ಎಲ್ಲರೂ ಸೇರಿ ಇಷ್ಟು ಸುಲಭಕ್ಕೆ ಹೊರಗೆ ಹಾಕಿದ್ದು ನನಗೆ ಸರಿ ಕಾಣಲಿಲ್ಲ. ನನ್ನ ಮನೆಯಲ್ಲಿ ಐದು ವರ್ಷದಿಂದ ಅದೇ ಇದೆ. ಆದರೆ ನನ್ನದು ಮೂರು ಅಡಿಯದು, ಕಾಲುಗಳು 14 ಗೇಜ್, ತಟ್ಟೆಗಳು 18 ಗೇಜ್, ತಟ್ಟೆಯ ಅಡಿಯಲ್ಲಿ ಬಲಪಡಿಸುವ ಪಟ್ಟಿ ಇದೆ, ಎಂಟೂ ಮೂಲೆಗಳಿಗೆ ತ್ರಿಕೋನದ ಪ್ಲೇಟು, ಹಿಂದೆ ಮತ್ತು ಎರಡು ಬದಿಗೆ ಓರೆಪಟ್ಟಿ ಹಾಕಿದ್ದೇನೆ. ಮೇಲೆ ಇರುವುದು ಫೈಟರ್ ಮೀನಿಗೆಂದು ಮಾಡಿಸಿದ ಒಂದು ಅಡಿ ಚೌಕದ ಟ್ಯಾಂಕುಗಳು. ಒಂದೊಂದು 35 ಕಿಲೋ, ತಟ್ಟೆಗೆ ಮೂರು. ಚಿಕ್ಕ ಟ್ಯಾಂಕಿಗೆ ತಟ್ಟೆಯ ಸಣ್ಣ ಬಾಗು ಅಷ್ಟಾಗಿ ತಾಗುವುದಿಲ್ಲ, ಏಕೆಂದರೆ ಅದು ಕೂರುವುದೇ ಒಂದು ಅಡಿಯ ಮೇಲೆ. ನಾನು ಎರಡು ಸಲ ಮನೆ ಬದಲಿಸಿದ್ದೇನೆ, ಎರಡು ಸಲವೂ ಬೋಲ್ಟು ಬಿಚ್ಚಿ ಆಟೋದಲ್ಲಿ ಹಾಕಿಕೊಂಡು ಹೋಗಿದ್ದೇನೆ. ಬಾಡಿಗೆ ಮನೆಯವರಿಗೆ ಇದು ಸಣ್ಣ ಅನುಕೂಲವಲ್ಲ.

ಹಾಗೆಂದು ಪ್ರಶ್ನೆ ಕೇಳಿದವರಿಗೆ ಆ ಅಂಗಡಿಯ ರ‍್ಯಾಕ್ ಕೊಳ್ಳಿ ಎಂದು ಹೇಳುತ್ತಿಲ್ಲ. 22 ಗೇಜಿನ ತಟ್ಟೆ ನಿಮ್ಮ ಎರಡು ಅಡಿಯ ಟ್ಯಾಂಕಿಗೆ ಆಗದು. ಅದನ್ನು ತಂದು ಮೀನಿನ ಆಹಾರ, ಬಕೆಟ್ಟು, ಬಲೆಗಳಿಗೆ ಇಟ್ಟುಕೊಳ್ಳಿ. ಮತ್ತೆ, ವೆಲ್ಡ್ ಮಾಡಿಸುವ ಮುನ್ನ ಮನೆಯ ಬಾಗಿಲು ಮತ್ತು ಮೆಟ್ಟಿಲಿನ ತಿರುವನ್ನು ಅಳೆದುಕೊಳ್ಳಿ. ನನ್ನ ಗೆಳೆಯರೊಬ್ಬರ ರ‍್ಯಾಕ್ ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡು, ಕೊನೆಗೆ ಅಲ್ಲೇ ಗ್ರೈಂಡರ್ ಹಿಡಿದು ಕಾಲು ಕೊಯ್ಯಬೇಕಾಯಿತು.


ಗಪ್ಪಿಮನೆ (ಮೈಸೂರು):

ಎಲ್ಲರಿಗೂ ಕೃತಜ್ಞತೆಗಳು. ಕಪಾಟಿನಲ್ಲಿ ಪುಸ್ತಕ ನಿಲ್ಲಿಸಿದಂತೆ ಟ್ಯಾಂಕು ಇಡಬಹುದೆಂಬುದು ನನಗೆ ಹೊಳೆದೇ ಇರಲಿಲ್ಲ. ನಿನ್ನೆ ಸಂಜೆ ನೆಲದ ಮೇಲೆ ಹಳೆಯ ಪತ್ರಿಕೆಗಳನ್ನು 3×2 ಅಡಿಗೆ ಕತ್ತರಿಸಿ ಹಾಸಿ ನೋಡಿದೆವು. ಬಾಗಿಲು ತೆರೆಯಲು ಅಡ್ಡಿಯಿಲ್ಲ. ಮೊದಲು ಮುಖ ಸಿಂಡರಿಸಿದ ಮಗಳು, ಒಂದು ಟ್ಯಾಂಕನ್ನಾದರೂ ಬದಿಯಿಂದ ನೋಡಲು ಆಗುತ್ತದೆಂದು ತಿಳಿದ ಮೇಲೆ ಒಪ್ಪಿದ್ದಾಳೆ. ಕೆಳಗಿನ ಮನೆಗೆ ಹೋಗಿ ಸೂರು ನೋಡಿ ಬಂದೆ. ಆರ್.ಸಿ.ಸಿ. ಕಟ್ಟಡ, ಬಿರುಕಿಲ್ಲ, ನಮ್ಮ ಕೋಣೆಯ ಪೂರ್ವದ ಗೋಡೆಯ ಕೆಳಗೇ ತೊಲೆ ಹೋಗಿದೆ. ಗೋಡೆಯ ಉದ್ದಕ್ಕೂ ನಾಣ್ಯದಿಂದ ತಟ್ಟಿದಾಗ ಒಂದು ಟೈಲ್ಸು ಪೊಳ್ಳು ಸದ್ದು ಕೊಟ್ಟಿತು, ಅದಕ್ಕೆ ಸೀಮೆಸುಣ್ಣದ ಗುರುತು ಹಾಕಿದ್ದೇನೆ. ಮೆಟ್ಟಿಲಿನ ತಿರುವು 33 ಇಂಚು, ಬಾಗಿಲು 30 ಇಂಚು. ಎರಡು ಅಡಿ ಆಳದ ರ‍್ಯಾಕ್ ಅಡ್ಡ ತಿರುಗಿಸಿದರೆ ಹೋಗುತ್ತದೆ.

ಎರಡು ಸಣ್ಣ ಪ್ರಶ್ನೆಗಳು ಉಳಿದಿವೆ. ಕೆಳಗಿನ ಅಂತಸ್ತು ನೆಲದಿಂದ ಎಷ್ಟು ಎತ್ತರದಲ್ಲಿರಬೇಕು? ಮತ್ತು ಪೈಪು ಎಷ್ಟು ಕೊಳ್ಳಬೇಕಾದೀತು?


ಕುಲುಮೆ (ತುಮಕೂರು):

ಕೆಳಗಿನ ಹಲಗೆ ನೆಲದಿಂದ ಒಂದು ಅಡಿ ಇರಲಿ. ಅದಕ್ಕಿಂತ ತಗ್ಗಿದರೆ ಸೈಫನ್ನಿನ ನೀರು ಬಕೆಟ್ಟಿಗೆ ಸರಿಯಾಗಿ ಇಳಿಯುವುದಿಲ್ಲ. ಅಲ್ಲಿಂದ ಟ್ಯಾಂಕು ಒಂದು ಅಡಿ, ಖಾಲಿ ಜಾಗ ಒಂದು ಅಡಿ, ಪೈಪು ಮತ್ತು ಹಲಗೆ ಸೇರಿ ಎರಡೂವರೆ ಇಂಚು, ಮತ್ತೆ ಟ್ಯಾಂಕು. ಮೇಲಿನ ಟ್ಯಾಂಕಿನ ಬಾಯಿ ನಾಲ್ಕೂಕಾಲು ಅಡಿಗೆ ಬರುತ್ತದೆ, ಸ್ಟೂಲ್ ಹಾಕಿಕೊಳ್ಳದೆ ಕೈ ತಳ ಮುಟ್ಟುತ್ತದೆ.

ಪೈಪು ಇಪ್ಪತ್ತು ಅಡಿಯ ಉದ್ದದಲ್ಲಿ ಬರುತ್ತದೆ. ಒಂದು ಅಂತಸ್ತಿಗೆ ಮೂರು ಅಡಿಯವು ಎರಡು, ಎರಡು ಅಡಿಯವು ನಾಲ್ಕು, ಒಟ್ಟು 14 ಅಡಿ, ಎರಡಕ್ಕೆ 28. ಕಂಬಗಳನ್ನು ಮೇಲಿನ ಹಲಗೆಯ ಮಟ್ಟಕ್ಕೇ ನಿಲ್ಲಿಸಿದರೆ ನಾಲ್ಕಕ್ಕೆ ಸುಮಾರು 13 ಅಡಿ, ಹಿಂದಿನ ಓರೆಪಟ್ಟಿಗೆ ಐದು ಅಡಿ. ಮೂರು ಉದ್ದ ತಂದರೆ ಸಾಕು, ಹದಿಮೂರು ಹದಿನಾಲ್ಕು ಅಡಿ ಮಿಕ್ಕುತ್ತದೆ. ಅದನ್ನು ಅಂಗಡಿಯಲ್ಲಿ ಬಿಟ್ಟುಬರಬೇಡಿ, ಏಳನೇ ಟ್ಯಾಂಕಿಗೆ ಬೇಕಾಗುತ್ತದೆ. ಮಾಡಿಸಿ ತಂದ ದಿನವೇ ಪೂರ್ತಿ ನೀರು ತುಂಬಿಸದೆ ಮೊದಲು ಅರ್ಧ ತುಂಬಿಸಿ, ಒಂದು ರಾತ್ರಿ ಬಿಟ್ಟು ರಸಮಟ್ಟ ಇಟ್ಟು ನೋಡಿ, ಬೋಲ್ಟು ಸರಿಪಡಿಸಿಕೊಂಡು ಉಳಿದದ್ದನ್ನು ತುಂಬಿಸಿ. ಮೀನು ಅದರ ಮರುದಿನ.